ಗಿರಿಜಾಬಾಯಿಯವರ ನೀಲಿ ಗಿಡ

ಗಿರಿಜಾಬಾಯಿಯವರನ್ನು ನಾಂಪಲ್ಲಿ ಎಕ್ಸಿಬಿಷನ್ನಿಗೆ ಒಬ್ಬರನ್ನೇ ಕಳಿಸಬಾರದು ಎಂಬುದು ಅವರ ಮನೆಯ ಕಾನೂನು. ಕಾನೂನು ಮಾಡಿದವರು ಯಜಮಾನರಾದ ಹಣಮಂತರಾಯರು; ಪ್ರತಿ ಜನವರಿಯಲ್ಲಿ ಅದನ್ನು ಮುರಿದವರು ಗಿರಿಜಾಬಾಯಿ. ಅವರು ತಂದ ಕಾಶ್ಮೀರಿ ಶಾಲು ಮೊದಲ ಒಗೆತಕ್ಕೇ ಕರವಸ್ತ್ರವಾಯಿತು. ಉಳ್ಳಾಗಡ್ಡಿ ಹೆಚ್ಚುವ ಯಂತ್ರ ಅಂಗಡಿಯವನ ಕೈಯಲ್ಲಿ ಕುಣಿದು, ಇವರ ಅಡುಗೆಮನೆಗೆ ಬಂದೊಡನೆ ಮುನಿಸಿಕೊಂಡಿತು. ಹೀಗಾಗಿ ಒಂದು ವರ್ಷ ಅವರು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗೇಣುದ್ದದ ಸಸಿ ತಂದು, "ದೊಡ್ಡದಾದ ಮ್ಯಾಲೆ ನೀಲಿ ಎಲಿ ಬಿಡ್ತೈತಂತ" ಎಂದಾಗ ಯಾರೂ ಬೆರಗಾಗಲಿಲ್ಲ. ನಕ್ಕರು, ಅಷ್ಟೇ.

ನಾನು ಸುಮಂಗಲಾ, ಮೆಹದಿಪಟ್ಟಣಂನಲ್ಲಿ ಅವರ ಪಕ್ಕದ ಮನೆಯವಳು. ನಮ್ಮಿಬ್ಬರ ನಡುವೆ ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ ಇದೆ. ಅದರ ಮೇಲೆ ಹಾಯದ ಸುದ್ದಿ ಈ ಕಾಲೊನಿಯಲ್ಲಿ ಇಲ್ಲ. ಆದ್ದರಿಂದ ನಾನು ಹೇಳುವುದನ್ನು ಕಣ್ಣಾರೆ ಕಂಡದ್ದೆಂದೇ ತಿಳಿಯಬೇಕು.

ಗಿರಿಜಾಬಾಯಿ ಲಿಂಗಸುಗೂರು ಕಡೆಯಿಂದ ಮದುವೆಯಾಗಿ ಬಂದವರು. ತೆಲುಗನ್ನು ತರಕಾರಿಯವಳಿಂದ ಕಲಿತರು, ಹಿಂದಿಯನ್ನು ಬಸ್ಸಿನ ಕಂಡಕ್ಟರುಗಳ ಜೊತೆ ಜಗಳಾಡಿ ಕಲಿತರು. ಹಣಮಂತರಾಯರು ಬಾಲಾನಗರದ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಆದರೆ ಹೆಂಡತಿ ಏನು ಹೇಳಿದರೂ "ನಿನಗೇನ್ ತಿಳೀತೈತಿ" ಎನ್ನುವುದು ಅವರಿಗೆ ಎಲೆ ಅಡಿಕೆಯಷ್ಟೇ ರೂಢಿಯಾಗಿತ್ತು. ಹೆಣ್ಣುಮಕ್ಕಳಿಬ್ಬರು ಗಂಡನ ಮನೆ ಸೇರಿದ ಮೇಲೂ ಆ ಮಾತು ಮಾತ್ರ ಮನೆ ಬಿಟ್ಟು ಹೋಗಲಿಲ್ಲ.

ಸಸಿಯನ್ನು ಗೇಟಿನ ಪಕ್ಕ ನೆಟ್ಟರು. ಮೊದಮೊದಲು ಬಂದ ಎಲೆಗಳಲ್ಲಿ ನೀಲಿಯ ಸುಳಿವೇ ಇಲ್ಲ, ಕಂದುಗೆಂಪು. ರಾಯರಿಗೆ ಹಬ್ಬವೋ ಹಬ್ಬ. "ನೀಲಿ ಅಂತ ತಂದ್ಲು, ಬದನೀಕಾಯಿ ಬಂತು!" ಎಂದು ಹಾಲಿನವನಿಗೂ ಹೇಳಿದರು, ಇಸ್ತ್ರಿಯವನಿಗೂ ಹೇಳಿದರು, ಗೋಡೆಯ ಮೇಲಿಂದ ನನಗೂ ಹೇಳಿದರು. ಗಿರಿಜಾಬಾಯಿ ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಹಾಕುತ್ತಾ ಹೋದರು. ಗಿಡ ಆಳೆತ್ತರ ಆಯಿತು. ಎಲೆಗಳು ದೊಡ್ಡ ಬೀಸಣಿಕೆಯಂತೆ ಅಗಲವಾಗಿ ಬಿಚ್ಚಿದವು. ಹಾಗೇ ಒಂದು ವರ್ಷ ಅವುಗಳ ಮೇಲೆ ತಿಳಿನೀಲಿ ಬಣ್ಣ ಇಳಿಯಿತು. ನನಗಂತೂ ಎಷ್ಟು ನೋಡಿದರೂ ಸಾಲದು.

"ಸುಮಂಗಲಾ, ನೋಡಿದೇನು?" ಎಂದು ಅವರು ಗೋಡೆಯ ಬಳಿ ಬಂದು ಕೇಳಿದಾಗ ಮುಖ ಅರಳಿತ್ತು. ಆ ಸಂತೋಷ ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ತನಕ ಬಾಳಿತು.

ಬಾಲಾನಗರದ ಮಂದಿಗೆ ಖಂಡೆ ಪೂಜೆ ಎಂದರೆ ಎಲ್ಲಿಲ್ಲದ ಹುರುಪು. ರಾಯರು ಆ ದಿನ ಚಿಂದಿ ಬಟ್ಟೆಯನ್ನು ಚಿಮಣಿ ಎಣ್ಣೆಯಲ್ಲಿ, ಅದೇ ಸೀಮೆಎಣ್ಣೆಯಲ್ಲಿ, ಅದ್ದಿ ಮನೆಯಲ್ಲಿರುವುದನ್ನೆಲ್ಲ ತಿಕ್ಕುತ್ತಾರೆ. ಸ್ಕೂಟರ್ ಆಯಿತು, ನಟ್ಟು ಬಿಗಿಯುವ ಪಾನಾ ಆಯಿತು, ನೀರಿನ ಮೋಟರ್ ಆಯಿತು. ಆಮೇಲೆ ಅವರ ಕಣ್ಣು ಗಿಡದ ಮೇಲೆ ಬಿತ್ತು. ಎಲೆ ಮುಟ್ಟಿದರು, ಬೆರಳಿಗೆ ಬೂದಿ ಹತ್ತಿತು. ಹಿಂದೆ ಮುಂದೆ ನೋಡದೆ ಚಿಂದಿಯಿಂದ ಒಂದು ಇಡೀ ಎಲೆಯನ್ನು ಯಂತ್ರದ ಹಾಗೆ ಒರೆಸಿಬಿಟ್ಟರು. ನೀಲಿ ಹೋಗಿ ಹಚ್ಚ ಹಸಿರು ಹೊರಬಿತ್ತು!

"ಏ ಗಿರಿಜಾ, ಬಾ ಇಲ್ಲಿ! ನಿನ್ನ ನೀಲಿ ಗಿಡ ನೋಡು. ಇದು ಬಣ್ಣ ಅಲ್ಲ, ಬೂದಿ ರೋಗ!"

ಅಷ್ಟಕ್ಕೇ ಬಿಡಲಿಲ್ಲ. ಒರೆಸಿದ ಎಲೆಯ ಫೋಟೊ ತೆಗೆದು, ಗಿಡದ ಹೆಸರು ಹೇಳುವ ಯಾವುದೋ ಆ್ಯಪಿಗೆ ತೋರಿಸಿದರು. ಹಸಿರು ಬೀಸಣಿಕೆ ಎಲೆ ಕಂಡ ಫೋನು ತಾಟಿ ಎಂದಿತು. ಹೆಂಡ ಇಳಿಸುವ ನಮ್ಮೂರ ತಾಳೆ! ರಾಯರ ಮುಖ ಕಪ್ಪಿಟ್ಟಿತು. ಮಠದ ಅಯ್ಯನವರು ಪ್ರಸಾದಕ್ಕೆ ಬರುವ ಮನೆಯದು.

"ಈಚಲ ಗಿಡದ ಬುಡಕ್ಕ ಕೂತು ಮಜ್ಜಿಗಿ ಕುಡಿದ್ರೂ ಮಂದಿ ಏನಂತಾರ ಗೊತ್ತಿಲ್ಲೇನು? ನಾವು ಬಾಗಲದಾಗ ತಾಟಿ ಗಿಡಾನ ಸಾಕೇವಿ! ಅದರ ಮ್ಯಾಲೆ ರೋಗ ಬ್ಯಾರೆ. ನಾಳೆ ಮಲ್ಲಣ್ಣನ್ನ ಕರೀತೀನಿ, ಕಡಸ್ತೀನಿ."

"ಅದರ ಬಣ್ಣಾನ ಅದು. ರೋಗ ಅಲ್ರಿ."

"ನಿನಗೇನ್ ತಿಳೀತೈತಿ?"

ಮರುದಿನ ಗಿಡ ಕಡಿಯುವ ಮಲ್ಲಣ್ಣ ಕೊಡಲಿ ಹೊತ್ತು ಬಂದ. ಗಿರಿಜಾಬಾಯಿ ಗಿಡಕ್ಕೆ ಬೆನ್ನು ಹಚ್ಚಿ ನಿಂತಿದ್ದರು. ಅಷ್ಟು ವರ್ಷ ನೆರೆಯಲ್ಲಿದ್ದು ಅವರ ದನಿ ಏರಿದ್ದನ್ನು ನಾನು ಅಂದೇ ಕೇಳಿದ್ದು.

"ನಡುವಿನ ಸುಳಿ ಇನ್ನೂ ಬಿಚ್ಚಿಲ್ಲ ನೋಡ್ರಿ. ಇದಕ್ಕ ಈಗ ಬಟ್ಟಿ ಕಟ್ತೀನಿ. ಒಳಗ ಧೂಳು ಹೋಗಂಗಿಲ್ಲ, ಬೂದಿ ಹೋಗಂಗಿಲ್ಲ. ಹಸಿರು ಬಂದ್ರ ಕೊಡಲಿ ನಾನ ಕೊಡ್ತೀನಿ ನಿಮ್ಮ ಕೈಯಾಗ. ನೀಲಿ ಬಂದ್ರ ಗಿಡದ ಸುದ್ದಿಗೆ ಬರಬ್ಯಾಡ್ರಿ."

"ಕಡೀಲೋ ಬ್ಯಾಡೋ, ಒಂದು ಹೇಳ್ರಿ" ಎಂದ ಮಲ್ಲಣ್ಣ.

ರಾಯರು ನನ್ನ ಕಡೆ ನೋಡಿದರು. "ದೀಪಾವಳಿ ತನಕ ತಡೀರಲ್ಲ ಅಣ್ಣಾರ, ಗಿಡಕ್ಕೇನು ಕಾಲು ಅದಾವೇನು ಓಡಾಕ?" ಎಂದೆ. ಹೆಂಡತಿಯ ಮಾತಿಗೆ ಸೋತೆ ಎನ್ನುವುದಕ್ಕಿಂತ ನೆರೆಯವಳ ಮಾತಿಗೆ ಒಪ್ಪಿದೆ ಎನ್ನುವುದು ಗಂಡಸರಿಗೆ ಹಗುರ. ಒಪ್ಪಿದರು.

ಹಳೆಯ ಇಳಕಲ್ ಸೀರೆಯ ತುಂಡು ಸುಳಿಗೆ ಸುತ್ತಿಕೊಂಡಿತು. ಹೋಗುವವರು ಬರುವವರೆಲ್ಲ ಕೇಳುವವರೇ. ಸುಳಿ ಬೆಳೆದಂತೆ ಗಿರಿಜಾಬಾಯಿ ಬಟ್ಟೆಯನ್ನು ಸಡಿಲಿಸಿ ಕಟ್ಟುತ್ತಿದ್ದರು, ಕಣ್ಣುಮುಚ್ಚಿ! ಕದ್ದು ನೋಡಿದರೆಂಬ ಮಾತು ಬರಬಾರದಲ್ಲ. ದೀಪಾವಳಿಯ ಪಾಡ್ಯದ ಬೆಳಿಗ್ಗೆ ಎಲ್ಲರ ಎದುರು ಗಂಟು ಬಿಚ್ಚಿದರು. ಮಡಿಕೆ ಮಡಿಕೆಯಾಗಿ ಎಳೆ ಎಲೆ ತೆರೆಯಿತು. ನೀಲಿ! ಬಿಸಿಲಿಗೆ ಬೆಳ್ಳಿಯ ಹಾಗೆ ಮಿನುಗಿತು. ನಾನು ಚಪ್ಪಾಳೆ ತಟ್ಟಿದೆ.

ರಾಯರು ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ. "ನೀಲಿ ಆದ್ರೇನು? ನೀಲಿ ತಾಟಿ! ಫೋನು ಸುಳ್ಳು ಹೇಳ್ತೈತೇನು? ಹೆಂಡದ ಗಿಡ ಬಾಗಲದಾಗ ಬ್ಯಾಡ" ಎಂದರು.

"ಹಂಗಾರ ತಿಳಿದವ್ರ ಹತ್ರ ಕೇಳೂಣು ನಡೀರಿ" ಎಂದರು ಗಿರಿಜಾಬಾಯಿ. "ತಾಟಿ ಅಂದ್ರ ಕಡಸ್ರಿ. ನಾನು ಉಸುರು ಎತ್ತಂಗಿಲ್ಲ."

ಅಂದರೆ ಗಿಡದ ಜೀವ ಈಗ ಅದರ ಹೆಸರಿನ ಮೇಲೆ ನಿಂತಿತ್ತು. ಮೂವರೂ ನಾಂಪಲ್ಲಿಗೆ ಹೋದೆವು. ಗಿರಿಜಾಬಾಯಿ ಒಂದು ನೀಲಿ ಎಲೆಯನ್ನು ದಂಟು ಸಹಿತ ಹಿಡಿದಿದ್ದರು. ರಾಯರು ತಮ್ಮ ಸಾಕ್ಷಿಯೆಂದು, ಒರೆಸಿದ ಎಲೆಯ ತುದಿ ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡಿದ್ದರು. ಅಲ್ಲಿಯ ತೋಟಗಾರಿಕೆ ಕಚೇರಿಯಲ್ಲಿ ಅನ್ನಮ್ಮ ಎಂಬ ಅಧಿಕಾರಿ ಸಿಕ್ಕರು. ಜಹೀರಾಬಾದಿನವರು, ನಮ್ಮ ಮಾತು ಬಲ್ಲವರು.

ಎಲೆ ನೋಡಿದೊಡನೆ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ದಂಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೀಲಿ ತಾಳೆ ಅಂದ್ರ ಮುಖ್ಯ ಎರಡು ಜಾತಿ. ಮೆಕ್ಸಿಕೊದ್ದಾದ್ರ ದಂಟಿನ ಅಂಚಿಗೆ ದೊಡ್ಡ ಮುಳ್ಳು ಇರ್ತಾವ. ಇದಕ್ಕ ಸಣ್ಣ ಹಲ್ಲು ಅಷ್ಟ. ಮೈಮ್ಯಾಲೆ ಬಿಳಿ ಪಟ್ಟಿ. ಒಂದು ಹೇಳ್ರಿ, ಸಸಿ ಇದ್ದಾಗ ಎಲಿ ಯಾವ ಬಣ್ಣ ಇತ್ತು?"

ಗಿರಿಜಾಬಾಯಿ ಗಂಡನ ಕಡೆ ತಿರುಗಿದರು. "ಹೇಳ್ರಿ. ಊರಿಗೆಲ್ಲ ಹೇಳೀರಿ, ಇವರಿಗೂ ಹೇಳ್ರಿ."

ರಾಯರು ಗಂಟಲು ಸರಿ ಮಾಡಿಕೊಂಡರು. "ಕೆಂಪು ಇತ್ತುರಿ... ಬದನೀಕಾಯಿ ಕೆಂಪು."

"ಮುಗೀತು!" ಎಂದು ಅನ್ನಮ್ಮ ನಕ್ಕರು. "ಇದು ಬಿಸ್ಮಾರ್ಕ್ ತಾಳೆ. ಮಡಗಾಸ್ಕರ್ ದ್ವೀಪದ್ದು. ತಾಟಿ ಅಲ್ಲ, ತಾಟಿಗೆ ದೂರದ ಬಳಗ. ಮನಿ ಮುಂದ ಇದ್ರ ಚಂದ."

ರಾಯರು ಕಿಸೆಯಿಂದ ಹಸಿರು ತುಂಡು ತೆಗೆದರು. ಕೊನೆಯ ಬಾಣ.

"ಇದನ್ನ ಯಾರ ಒರಿಸ್ಯಾರ?" ಅನ್ನಮ್ಮ ಮೂಸಿ ನೋಡಿದರು. "ಚಿಮಣಿ ಎಣ್ಣಿ! ರೋಗ ಅಲ್ರಿ ಅದು, ಗಿಡ ತಾನ ಬಿಡೋ ಮೇಣ. ಬಿಸಿಲಿಗೆ ಅದ ಅದರ ಛತ್ರಿ. ನೀವು ಛತ್ರಿ ಕಸಗೊಂಡೀರಿ."

ನಗು ತಡೆಯಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಗಿರಿಜಾಬಾಯಿ ನಗಲಿಲ್ಲ. ಎರಡೂ ಕೈಯಿಂದ ಎಲೆಯನ್ನು ಎದೆಗೊತ್ತಿಕೊಂಡು, "ಬಿಸ್ಮಾರ್ಕ್, ಬಿಸ್ಮಾರ್ಕ್" ಎಂದು ಮೊಮ್ಮಗನ ಹೆಸರು ರೂಢಿ ಮಾಡಿಕೊಳ್ಳುವಂತೆ ಹೇಳಿಕೊಂಡರು. ಅವರ ಕಣ್ಣು ತುಂಬಿತ್ತು. ನನಗೂ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಬಸ್ಸಿನಲ್ಲಿ ಕಂಡಕ್ಟರು ಇದ್ಯಾವ ಎಲೆ ಎಂದು ಕೇಳಿದ, ಗಿರಿಜಾಬಾಯಿ ಅವನಿಗೆ ಹಿಂದಿಯಲ್ಲಿ ಹೇಳಿದರು. ಪಕ್ಕದ ಹೆಂಗಸಿಗೆ ತೆಲುಗಿನಲ್ಲಿ ಹೇಳಿದರು. ಕಾಲೊನಿಗೆ ಬಂದು ಕನ್ನಡದಲ್ಲಿ ಹೇಳಿದರು. ಆ ವಾರ ಮಲ್ಲಣ್ಣನನ್ನು ಮತ್ತೆ ಕರೆಸಿದ್ದು ರಾಯರೇ. ಕೊಡಲಿಗಲ್ಲ, ಗಿಡದ ಸುತ್ತ ಪಾತಿ ಮಾಡಿಸಲಿಕ್ಕೆ. ಒರೆಸಿದ ಆ ಹಸಿರು ಎಲೆಯನ್ನು ಕತ್ತರಿಸೋಣವೆಂದು ಅವರು ಎಷ್ಟು ಕೇಳಿಕೊಂಡರೂ ಗಿರಿಜಾಬಾಯಿ ಬಿಡಲಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದರು: "ಇದು ನಮ್ಮ ರಾಯರ ಖಂಡೆ ಪೂಜಿ!"

ಮುಂದಿನ ವರ್ಷ ಅದೇ ಹಬ್ಬ ಬಂತು. ಸ್ಕೂಟರ್, ಪಾನಾ, ಮೋಟರ್ ಮುಗಿಸಿ ರಾಯರು ಗಿಡದ ಬಳಿ ಬಂದರು. ನಾನು ಗೋಡೆಗೆ ಆತುಕೊಂಡೆ. ಅವರು ಚಿಂದಿಯನ್ನು ದೂರ ಎಸೆದು, ಸಾಬೂನು ಹಚ್ಚಿ ಕೈ ತೊಳೆದು, ಬುಡಕ್ಕೆ ವಿಭೂತಿ ಹಚ್ಚಿದರು. ಅಷ್ಟರಲ್ಲಿ ಪೂಜೆಗೆ ಬಂದಿದ್ದ ಬಾಲಾನಗರದ ಹಳೆಯ ಗೆಳೆಯರೊಬ್ಬರು, ಏನಿದು ಬೂದಿ ಎಂದು ಎಲೆಯ ಕಡೆ ಬೆರಳು ಚಾಚಿದರು.

"ಕೈ ಹಚ್ಚಬ್ಯಾಡ್ರಿ!" ಎಂದು ರಾಯರು ಗದರಿದರು. "ರೋಗ ಅಲ್ಲ ಅದು. ಅದರ ಬಣ್ಣಾನ ಅದು!"

ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಗಿರಿಜಾಬಾಯಿ ಕೇಳಿದರು, "ಏನಂದ್ರಿ? ಕೇಳಲಿಲ್ಲ ನನಗ."

ರಾಯರು ಒಮ್ಮೆ ನನ್ನ ಕಡೆ, ಒಮ್ಮೆ ಗೆಳೆಯರ ಕಡೆ ನೋಡಿದರು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು.