ಗ್ಲ್ಯಾಂಡಿಗೆ ಬಳಿದ ದೋಣಿ ಬಣ್ಣ

ಹಂಗಾರಕಟ್ಟೆಯಲ್ಲಿ ನಮ್ಮದೊಂದು ದೋಣಿ ಕಟ್ಟುವ ಶೆಡ್ಡಿದೆ. ದೋಣಿಯನ್ನು ದಡಕ್ಕೆಳೆಯುವ ವಿಂಚಿಗೆ ಹೊಸ ಆರ್ಮರ್ಡ್ ಕೇಬಲ್ ಹಾಕಿಸುವ ಕೆಲಸವನ್ನು ಮನೆಯವರು ನನಗೇ ವಹಿಸಿದ್ದರು. ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವನಲ್ಲವೇ!

ಈ ಕೇಬಲ್ಲಿಗೆ ಉಕ್ಕಿನ ತಂತಿಗಳ ಕವಚವಿರುತ್ತದೆ. ವಿಂಚಿನ ಮೋಟಾರಿನ ಮೈಗೆ ಕರೆಂಟು ಸೋರಿದರೆ ಅದು ಈ ಕವಚದ ಮೂಲಕ ಹರಿದು ಫ್ಯೂಸು ಹಾರಿಸಬೇಕು. ಕವಚವನ್ನೂ ಮೋಟಾರನ್ನೂ ಬೆಸೆಯುವುದು ಕೇಬಲ್ಲಿನ ತುದಿಗೆ ಬಿಗಿಯುವ ಗ್ಲ್ಯಾಂಡ್ ಎಂಬ ತಿರುಪಿನ ಬಳೆ. ಕುಂದಾಪುರದ ಅಂಗಡಿಯವರು ಪ್ಲಾಸ್ಟಿಕ್ಕಿನದು ತೋರಿಸಿದರು.

"ಇದ್ ತಕಣಿ, ಉಪ್ಪ್ ಗಾಳಿಗೆ ತುಕ್ಕ್ ಹಿಡುದಿಲ್ಲೆ."

ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲವೆಂದು ಅರ್ಧ ಗಂಟೆ ಪಾಠ ಮಾಡಿದೆ. ಹಿತ್ತಾಳೆಯ ಗ್ಲ್ಯಾಂಡ್, ಜತೆಗೊಂದು ಅರ್ತಿಂಗ್ ರಿಂಗ್ ಆರಿಸಿದೆ. ಬಲ್ಬು ಕೊಳ್ಳಲು ಬಂದವರೆಲ್ಲ ನನ್ನ ಹಿಂದೆ ಸಾಲುಗಟ್ಟಿದ್ದರು.

ಶೆಡ್ಡಿಗೆ ಬಂದವನು ದೋಣಿಯವರ ಮನೆಯ ಮಗನಾಗಿಬಿಟ್ಟೆ. ನಮ್ಮಲ್ಲಿ ಬಣ್ಣ ಬಳಿಯದೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಕವಚದ ಒಂದೊಂದು ತಂತಿಗೂ, ರಿಂಗಿನ ಎರಡು ಬದಿಗೂ ಕೆಂಪು ಪ್ರೈಮರ್ ಬಳಿದು, ಒಣಗಿಸಿ, ಆಮೇಲೆ ಬಿಗಿದೆ. ಮೇನ್ ಸ್ವಿಚ್ಚಿನ ಕಡೆ ಜೋಡಿಸುತ್ತಿದ್ದ ಬ್ರಹ್ಮಾವರದ ವೈರ್‌ಮನ್ ಕೇಳಿದ:

"ಮೋಟಾರ್ ಬದಿದ್ ನಾನೊಂದ್ಸಲ ಕಾಂಬ್ದಾ?"

"ಬೇಡ, ಅದೆಲ್ಲ ಆಯ್ತ್" ಎಂದೆ.

ಮರುದಿನ ವೈರ್‌ಮನ್ ಮೇನ್ ಹಾಕಿದ ಮೇಲೆ ನಮ್ಮ ಹಿರಿಯ ಮೇಸ್ತ್ರಿ ಬರಿಗಾಲಲ್ಲಿ ಒದ್ದೆ ಮರಳಿನ ಮೇಲೆ ನಿಂತು ಮೋಟಾರಿಗೆ ಬಲಗೈಯಿಟ್ಟರು. ಕೈ ಅಲ್ಲೇ ಅಂಟಿತು. ಬಾಯಿ ತೆರೆಯಿತು, ಸ್ವರ ಬರಲಿಲ್ಲ. ನಾನು ಓಡಿದೆ. ಸ್ವಿಚ್ಚಿನ ಕಡೆಗಲ್ಲ, ಅವರನ್ನು ಹಿಡಿದೆಳೆಯಲು!

"ಹ್ವಾಯ್, ಮುಟ್ಬೇಡಿ!" ವೈರ್‌ಮನ್ ಕೂಗಿ ಮೇನ್ ಎಳೆದ. ಮೇಸ್ತ್ರಿ ಮರಳಿಗೆ ಬಿದ್ದರು. ನನ್ನ ಕೈಗೂ ಅವರ ಹೆಗಲಿಗೂ ಒಂದು ಗೇಣು ಅಂತರವಿತ್ತು. ಈಗಲೂ ಅನ್ನ ಕಲೆಸುವಾಗ ಆ ಗೇಣು ಕಣ್ಣಮುಂದೆ ಬರುತ್ತದೆ.

ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಮೇಸ್ತ್ರಿ ಶೆಡ್ಡಿಗೆ ಬಂದಾಗ ವೈರ್‌ಮನ್ ಗ್ಲ್ಯಾಂಡ್ ಬಿಚ್ಚುತ್ತಿದ್ದ. ಒಳಗೆಲ್ಲ ಕೆಂಪು.

"ಎಂತ ಮಾರಾಯ್ರೆ, ಅರ್ತಿಂಗಿಗೂ ಬಣ್ಣ ಹೊಡುದಾ? ಚಂದ ಕಾಣ್ಕ್ ಅಂದೇಳಿಯಾ?"

ಬಣ್ಣದಲ್ಲೂ ಕರೆಂಟು ಹರಿಯುವುದಿಲ್ಲ; ಪ್ಲಾಸ್ಟಿಕ್ಕಿನದನ್ನೇ ಹಾಕಿದ್ದರೂ ಇಷ್ಟೇ ಆಗುತ್ತಿತ್ತು. ಅಂಗಡಿಯವರ ಅರ್ಧ ಗಂಟೆಯಾದರೂ ಉಳಿಯುತ್ತಿತ್ತು. ವೈರ್‌ಮನ್ ಮೋಟಾರಿನೊಳಗೆ ಕರೆಂಟು ಸೋರುತ್ತಿದ್ದ ವೈರು ಬದಲಿಸಿದ, ಲೋಹ ಹೊಳೆಯುವವರೆಗೆ ತಂತಿಗಳನ್ನು ಕೆರೆದ, ಹೊಸ ರಿಂಗು ಹಾಕಿ ಬಿಗಿದ, ಮೀಟರಿಟ್ಟು ನೋಡಿದ. ಆಮೇಲೆ ಹೊರಗಿನಿಂದಷ್ಟೇ ಬಣ್ಣ.

ಮೇನ್ ಹಾಕಿದ ಮೇಲೆ ಯಾರೂ ಮುಂದೆ ಬರಲಿಲ್ಲ. ಮೇಸ್ತ್ರಿ ನನ್ನನ್ನು ನೋಡಿದರು.

"ಕಲ್ತವ್ರ್ ಮೊದ್ಲ್ ಮುಟ್ಲಿ."

ಕಾಲಿಗೆ ರಬ್ಬರ್ ಚಪ್ಪಲಿ ಇದೆಯೇ ಎಂದು ಕಳ್ಳಗಣ್ಣಲ್ಲಿ ನೋಡಿಕೊಂಡೆ. ಅವರೂ ನೋಡಿದರು. ನಾಚಿಕೆಯಾಗಿ ಚಪ್ಪಲಿ ಕಳಚಿ, ಕಣ್ಣು ಮುಚ್ಚಿ, ಕೈಯ ಹಿಂಬದಿಯನ್ನು ಮೋಟಾರಿಗೆ ತಾಗಿಸಿದೆ. ತಣ್ಣಗಿನ ಕಬ್ಬಿಣ, ಅಷ್ಟೇ. ಕೈ ತೆಗೆಯಲು ಧೈರ್ಯ ಬಾರದೆ ಹಾಗೇ ನಿಂತೆ.

"ಸಾಕ್, ಬಿಡಿ. ದೋಣಿ ಎಳುಕಿತ್ತ್" ಎಂದು ಮೇಸ್ತ್ರಿ ನನ್ನನ್ನು ಬದಿಗೆ ಸರಿಸಿ ವಿಂಚಿನ ಮುಂದೆ ನಿಂತರು. ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಎಡಗೈಯಿಂದ ಗುಂಡಿ ಒತ್ತಿದರು.