ಕಣದ ಬಿಸಿಲಲ್ಲಿ ಓಡಾಡಿದ ನೇರಳೆ ಚೌಕ

ಆ ಭಾನುವಾರ ಮಧ್ಯಾಹ್ನ ಕಲ್ಯಾಣದುರ್ಗದ ಬಸವರಾಜಪ್ಪನವರ ಮನೆಯ ಹಿಂದಿನ ಕಣದಲ್ಲಿ ಇದ್ದದ್ದು ನಾವು ನಾಲ್ಕೇ ಜನ. ಕಡಲೇಕಾಯಿ ವ್ಯಾಪಾರದ ಬಸವರಾಜಪ್ಪನವರು, ಪರಿಗಿಯ ಮದುವೆ ಫೋಟೋಗ್ರಾಫರ್ ನಾಗೇಂದ್ರ, ಹಿಂದೂಪುರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ಶ್ರೀಧರ ಮೇಷ್ಟ್ರು, ಅದೇ ಊರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟುಕೊಂಡಿರುವ ನಾನು. ಯಾರು ಯಾರು ಇದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಹೇಳುವುದನ್ನು ನಾಲ್ಕು ಜೊತೆ ಕಣ್ಣು ನೋಡಿವೆ; ಒಬ್ಬನಿಗೆ ಬಿಸಿಲು ಹೊಡೆದು ಕಂಡದ್ದಲ್ಲ.

ದೆವ್ವ, ಗಾಳಿ, ಸೋಂಕು ಎಂದರೆ ನಾನು ನಗುತ್ತಿದ್ದವನು. ನನ್ನನ್ನು ಬೆಳೆಸಿದ ಅಜ್ಜಿ ನೂರೆಂಟು ದೆವ್ವದ ಕಥೆ ಹೇಳುತ್ತಿದ್ದಳು, ಕೊನೆಗೆ ತಾನೇ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಕಣಪ್ಪ" ಎಂದು ತಲೆ ಸವರುತ್ತಿದ್ದಳು. ಅವಳ ಕಥೆಗಳನ್ನು ಮರೆತೆ, ಆ ಮಾತನ್ನು ಇಟ್ಟುಕೊಂಡೆ. ಈ ಪ್ರಸಂಗವನ್ನೂ ಪ್ರಮಾಣಿಸಿ ನೋಡಲು ನನ್ನ ಕೈಲಾದದ್ದನ್ನೆಲ್ಲ ಮಾಡಿದ್ದೇನೆ. ಏನೂ ಸಿಕ್ಕಲಿಲ್ಲ.

ನಮ್ಮನ್ನು ಒಟ್ಟು ಸೇರಿಸಿದ್ದು ಮಿರರ್‌ಲೆಸ್ ಕ್ಯಾಮೆರಾ. ನಾಲ್ವರ ಹತ್ತಿರವೂ ಒಂದೇ ಕಂಪನಿಯ ಕ್ಯಾಮೆರಾ ಇತ್ತು, ಹಾಗಾಗಿ ಒಬ್ಬರ ಲೆನ್ಸು ಇನ್ನೊಬ್ಬರಿಗೆ ಕೂರುತ್ತಿತ್ತು. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡು ವಾರವಿಡೀ ಲೆನ್ಸಿನದೇ ಜಗಳ. ಯಾವುದು ಚೂಪು, ಯಾವುದು ಮೆತ್ತಗೆ, ಯಾವುದರಲ್ಲಿ ಹಿನ್ನೆಲೆ ಬೆಣ್ಣೆಯ ಹಾಗೆ ಕರಗುತ್ತದೆ ಎಂದು ಊಟ ಆರುವವರೆಗೂ ಬಡಿದಾಡುತ್ತಿದ್ದೆವು. ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಅಲ್ಲಿ ನಮ್ಮದೊಂದು ಪದ್ಧತಿ ಇತ್ತು, ಅದಕ್ಕೆ ನಾಗೇಂದ್ರ ಇಟ್ಟ ಹೆಸರು "ಉಗಿಸ್ಕೊಳ್ಳೋ ಪಾಳಿ". ಪಾಳಿ ಬಂದವನು ತನ್ನ ಕ್ಯಾಮೆರಾವನ್ನೇ ಮುಂದಿಟ್ಟು ಫೋಟೋ ತೋರಿಸಬೇಕು. ಉಳಿದವರು ಅದನ್ನು ಹರಿದು ಹಾಕುತ್ತಾರೆ. ಎಲ್ಲರೂ ಟೀ ಕುಡಿದು ಲೋಟ ಕೆಳಗಿಡುವ ತನಕ ಪಾಳಿಯವನು ತುಟಿ ಎರಡು ಮಾಡುವಂತಿಲ್ಲ. ಮಾತಾಡಿದರೆ ಮುಂದಿನ ಭಾನುವಾರವೂ ಅವನದೇ ಪಾಳಿ. ಹುಡುಗಾಟದ ಪದ್ಧತಿ. ಆದರೆ ಸುಮ್ಮನೆ ಕೂತವನ ಮುಖ ನೋಡುವುದರಲ್ಲಿ ನಾಗೇಂದ್ರನಿಗೆ ಇದ್ದ ಸಂತೋಷ ಹುಡುಗಾಟದ್ದಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಇನ್ನು ಬಸವರಾಜಪ್ಪನವರ ವಿಷಯ. ಅವರು ಕ್ಯಾಮೆರಾ ಕೊಂಡದ್ದೇ ಹೆಂಡತಿ ಗೌರಮ್ಮನವರಿಗಾಗಿ. ಕುಂದುರ್ಪಿ ಕಡೆಯ ಹೆಣ್ಣುಮಗಳು, ಮಾತು ಸಿಡಿಲು, ಫೋಟೋ ಎಂದರೆ ಮಾತ್ರ ಸೆರಗು ಮುಖಕ್ಕೆ. ಮದುವೆಯ ಫೋಟೋದಲ್ಲಿ ತಲೆ ಬಗ್ಗಿಸಿದ್ದಾರೆ, ಬಾಸಿಂಗ ಮುಖದ ಅರ್ಧ ನುಂಗಿದೆ. ಆಧಾರ್ ಕಾರ್ಡಿನಲ್ಲಿ ಒಂದಿತ್ತು; ಆ ಕಾರ್ಡಿನಲ್ಲಿ ಯಾರ ಮುಖ ಅವರದೇ ಆಗಿ ಬಂದಿದೆ ಹೇಳಿ. ಬಸವರಾಜಪ್ಪನವರು ಎಷ್ಟು ಅಂಗಲಾಚಿದರೂ ಆ ತಾಯಿ ಜಗ್ಗಲಿಲ್ಲ.

ಒಪ್ಪಿದ್ದು ಒಂದೇ ಒಂದು ಸಲ, ಅದೂ ಫೋಟೋಗಲ್ಲ. ಈ ಕ್ಯಾಮೆರಾಗಳಿಗೆ ಒಂದು ಮುಖವನ್ನು ಪರಿಚಯ ಮಾಡಿಸಿಡಬಹುದು. ಮದುವೆ ಫೋಟೋಗ್ರಾಫರುಗಳು ಮದುಮಗಳ ಮುಖವನ್ನು ಹೀಗೆ ನೋಂದಾಯಿಸಿಕೊಳ್ಳುತ್ತಾರೆ. ಆಮೇಲೆ ಎಷ್ಟೇ ಜನಜಂಗುಳಿ ಇರಲಿ, ಕ್ಯಾಮೆರಾ ಆ ಮುಖವನ್ನೇ ಹುಡುಕಿ ಫೋಕಸ್ ಮಾಡುತ್ತದೆ. ಬೇರೆಯವರ ಮುಖದ ಸುತ್ತ ಪರದೆಯಲ್ಲಿ ಬಿಳಿ ಚೌಕ ಮೂಡಿದರೆ, ಪರಿಚಯದ ಮುಖದ ಸುತ್ತ ನೇರಳೆ ಚೌಕ. "ಇದು ಫೋಟೋ ಅಲ್ಲ ಕಣೆ, ಬರೀ ಗುರ್ತು" ಎಂದು ಇವರು ಪುಸಲಾಯಿಸಿದ್ದಕ್ಕೆ ಗೌರಮ್ಮ ಸೆರಗು ಇಳಿಸಿ ನೇರ ನೋಡಿದರಂತೆ. ಸ್ವಲ್ಪ ನಕ್ಕಿದ್ದರಂತೆ ಕೂಡ.

ಅದೇ ಬೇಸಿಗೆ ಕಳೆಯುವುದರೊಳಗೆ ಗೌರಮ್ಮ ತೀರಿಕೊಂಡರು. ಉಳಿದದ್ದು ಕ್ಯಾಮೆರಾದ ಮೆನುವಿನೊಳಗೆ ಹೆಬ್ಬೆರಳ ಉಗುರಿನಷ್ಟು ಅಗಲದ ಆ ಮುಖ ಮಾತ್ರ. ಅದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಮೊಬೈಲಿನಿಂದ ಪರದೆಯ ಫೋಟೋ ತೆಗೆದು ನೋಡಿದೆವು, ಬರೀ ಚುಕ್ಕೆಗಳು ಬಂದವು. ಬಸವರಾಜಪ್ಪನವರು ದಿನಾ ರಾಗಿ ಮುದ್ದೆಗೆ ಕೂರುವ ಮುಂಚೆ ಮೆನು ತೆರೆದು ಒಂದು ಸಲ ನೋಡಿ, ಮುಚ್ಚಿ, ಕೈ ತೊಳೆಯುತ್ತಿದ್ದರು. ಇದು ನಮಗೆಲ್ಲ ಗೊತ್ತಿತ್ತು. ನಾಗೇಂದ್ರನಿಗೂ ಗೊತ್ತಿತ್ತು.

ಆ ಭಾನುವಾರ ನಾಗೇಂದ್ರ ಹೊಸ ಲೆನ್ಸು ತಂದಿದ್ದ. ಮುಖ ತೆಗೆಯಲೆಂದೇ ಮಾಡಿದ ಎಂಬತ್ತೈದು ಮಿಲಿಮೀಟರಿನ ಲೆನ್ಸು. ಕಣ್ಣಿನ ರೆಪ್ಪೆ ಚೂಪಾಗಿ ಬಂದರೆ ಕಿವಿ ಆಗಲೇ ಮಂಜು, ಅಷ್ಟು ತೆಳು ಫೋಕಸ್. ಅದನ್ನು ನಾಲ್ಕು ಕ್ಯಾಮೆರಾಕ್ಕೂ ಹಾಕಿ ನೋಡಬೇಕು ಎಂದುಕೊಂಡೇ ಬಂದಿದ್ದೆವು. ಪಾಳಿ ಬಸವರಾಜಪ್ಪನವರದು. ಅವರ ಮೊಮ್ಮಗಳ ಫೋಟೋ, ಫೋಕಸ್ ಮಗುವಿನ ಮೇಲಿರದೆ ಹಿಂದಿನ ಬಾಗಿಲ ಮೇಲಿತ್ತು.

"ಏನಣ್ಣ ಇದು, ಮಗೀನ ಬಿಟ್ಟು ಬಾಗ್ಲಿಗೆ ಮುತ್ತು ಕೊಟ್ಟವ್ರೆ!" ಎಂದು ನಾಗೇಂದ್ರ ಶುರುಮಾಡಿದ. "ಕಡ್ಲೇಕಾಯಿ ತೂಗೋ ಕೈಗೆ ಇಂಥದ್ಯಾಕೆ ಬೇಕಿತ್ತು, ಅದ್ರ ಬದ್ಲು ಒಂದು ತಕ್ಕಡಿ ತಗೋಬೇಕಿತ್ತು. ಮೇಷ್ಟ್ರೇ, ನೀವೇ ಹೇಳ್ರಿ."

ಮೇಷ್ಟ್ರು ನಕ್ಕರು. ನಾನು ಟೀ ಸೋಸಲು ಒಳಗೆ ಹೋದೆ. ಹೆಂಗಸರಿಲ್ಲದ ಮನೆ, ಯಾರಾದರೂ ಮಾಡಲೇಬೇಕು.

ಲೋಟಗಳನ್ನು ಹಿಡಿದು ಹೊರಗೆ ಬರುವಾಗ ನಾಗೇಂದ್ರ ಬಸವರಾಜಪ್ಪನವರ ಕ್ಯಾಮೆರಾಕ್ಕೆ ತನ್ನ ಲೆನ್ಸು ಕೂರಿಸಿ ಗುಂಡಿ ಒತ್ತುತ್ತಿದ್ದ. "ಊರಿಕೆ, ಸುಮ್‌ಸುಮ್ನೆ, ಎಲ್ಲಾ ಸೆಟ್ಟಿಂಗ್ಸ್ ಕೆಡಿಸ್ಕೊಂಡು ಕೂತಿದ್ದ ಅಣ್ಣ. ಫುಲ್ ರೀಸೆಟ್ ಮಾಡ್ಬುಟ್ಟೆ. ಈಗ ಹೊಸಾ ಕ್ಯಾಮೆರಾ ಇದ್ದಂಗೆ." ಫೋಕಸ್ ಕೈಕೊಟ್ಟರೆ ಮದುವೆ ಫೋಟೋದವರು ಮೊದಲು ಮಾಡುವುದು ಇದನ್ನೇ, ಶೀತಕ್ಕೆ ಶುಂಠಿ ಕಷಾಯ ಕೊಟ್ಟಂತೆ.

"ನೋಂದಾಯಿಸಿದ ಮುಖವೂ ಹೋಗುತ್ತಲ್ಲಪ್ಪ ಅದರಲ್ಲಿ?" ಮೇಷ್ಟ್ರ ದನಿ ಇಳಿಯಿತು.

"ಹೋಗ್ಲಿ ಬಿಡಿ ಮೇಷ್ಟ್ರೇ. ಅಕ್ಕನ್ನ ಒಳಗಿಟ್ಕೊಂಡಿದ್ದಕ್ಕೇ ಅದು ತಬ್ಬಿಬ್ಬಾಗಿ ಬಾಗ್ಲು ನೋಡ್ತಾ ಇದ್ದಿದ್ದು. ಎಷ್ಟ್ ದಿನ ಅಂತ? ನಾನೇ ಬೇಕು ಅಂತ ತೆಗ್ದೆ. ಅಣ್ಣಂಗೆ ಒಳ್ಳೇದೇ ಮಾಡಿದೀನಿ." ಹೇಳುತ್ತ ಅವನು ಬಸವರಾಜಪ್ಪನವರ ಮುಖವನ್ನೇ ನೋಡುತ್ತಿದ್ದ.

ಪಾಳಿ ಅವರದು. ಅವರು ಮಾತಾಡಲಿಲ್ಲ. "ಪದ್ಧತಿ ಸಾಯಲಿ, ಮಾತಾಡಿ ಸ್ವಾಮಿ" ಎಂದು ನಾನು ಹೇಳಿದೆ, ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ನನ್ನ ಕೈಯಿಂದ ಲೋಟ ತೆಗೆದುಕೊಂಡು, ಸುಡುವ ಟೀಯನ್ನು ಊದದೆ, ಗುಟುಕು ಗುಟುಕಾಗಿ ಕುಡಿದರು. ಅಷ್ಟು ಉದ್ದದ ಟೀಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ನಾವೆಲ್ಲ ಲೋಟ ಇಟ್ಟ ಮೇಲೆ ಅವರೂ ಇಟ್ಟರು, ಕ್ಯಾಮೆರಾಕ್ಕೆ ಕೈಚಾಚಿದರು, ಮೆನು ತೆರೆದರು. ಮುಖವಿದ್ದ ಜಾಗ ಖಾಲಿ.

"ಒಂದ್ಸಲ ನಾನ್ ಕೈ ಹಿಡ್ಕೊಂಡು ಕೂತಿದ್ದಾಗ ಹೋದ್ಲು," ಅಂದರು, ಯಾರಿಗೂ ಅಲ್ಲ. "ಇನ್ನೊಂದ್ಸಲ ಟೀ ಕುಡೀತಾ ಕೂತಿದ್ದಾಗ."

ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅವರು ಎದ್ದು ಕಣದ ಅಂಚಿಗೆ ಹೋಗಿ, ಸುಮ್ಮನೆ ಎಂಬಂತೆ, ಕ್ಯಾಮೆರಾವನ್ನು ಖಾಲಿ ಕಣದ ಕಡೆ ಹಿಡಿದರು. ಹಿಂದಿನ ಪರದೆ ಎತ್ತಿ ತೆರೆದಿತ್ತು. ಸಮಾಧಾನ ಹೇಳೋಣವೆಂದು ನಾನು ಅವರ ಭುಜದ ಪಕ್ಕ ನಿಂತಿದ್ದೆ. ಬೆಳಿಗ್ಗೆ ಕಾಯಿ ತೂರಿದ್ದರಿಂದ ಗಾಳಿಯಲ್ಲಿ ಸಿಪ್ಪೆಯ ದೂಳು ಇನ್ನೂ ಆಡುತ್ತಿತ್ತು. ಆಚೆ ಕಡೆ ಗೋಡೆ, ಗೋಡೆಯಲ್ಲಿ ದನದ ಕೊಟ್ಟಿಗೆಯ ಬಾಗಿಲು, ಮೇಲೆ ಸುಡುವ ಬಿಸಿಲು. ನರಪಿಳ್ಳೆ ಇಲ್ಲ. ಆ ಬಾಗಿಲ ಹತ್ತಿರ, ಆಳೆತ್ತರಕ್ಕಿಂತ ಒಂದಿಷ್ಟು ತಗ್ಗಿನಲ್ಲಿ, ಪರದೆಯ ಮೇಲೆ ಚೌಕವೊಂದು ಮೂಡಿತು. ನೇರಳೆ ಚೌಕ.

ನಾನು ತಲೆ ಎತ್ತಿ ಬಾಗಿಲು ನೋಡಿದೆ, ಮತ್ತೆ ಪರದೆ ನೋಡಿದೆ. "ಮೇಷ್ಟ್ರೇ" ಎಂದೆ. ಅವರು ಬಂದರು, ನಾಗೇಂದ್ರನೂ ಬಂದ. ಚೌಕ ಬಾಗಿಲು ಬಿಟ್ಟು ನೀರಿನ ತೊಟ್ಟಿಯ ಹತ್ತಿರ ಸರಿಯಿತು. ಅಲ್ಲಿ ಸ್ವಲ್ಪ ಬಗ್ಗಿದಂತೆ ಕೆಳಗಿಳಿದು ಮತ್ತೆ ಮೇಲೆದ್ದಿತು. ಆಮೇಲೆ ನಮ್ಮ ಕಡೆ ತಿರುಗಿತು. ತಿರುಗಿತು ಎನ್ನುತ್ತೇನೆ, ಯಾಕೆಂದರೆ ಚೌಕ ದೊಡ್ಡದಾಗುತ್ತ ಬಂತು. ಮನುಷ್ಯ ಹತ್ತಿರ ನಡೆದು ಬಂದರೆ ಅದು ಹಾಗೆಯೇ ದೊಡ್ಡದಾಗುವುದು. ತೀರ ಹತ್ತಿರವಾದಾಗ ಮುಖದ ದೊಡ್ಡ ಚೌಕ ಮಾಯವಾಗಿ ಕಣ್ಣಿಗೆ ಹಿಡಿಯುವ ಪುಟ್ಟ ಚೌಕ ಬಂತು. ಅದು ಒಂದೆರಡು ಸಲ ಆರಿ ಹತ್ತಿತು, ರೆಪ್ಪೆ ಬಡಿದಾಗ ಆಗುವ ಹಾಗೆ. ನಮ್ಮೆದುರಿಗೆ ಇದ್ದದ್ದು ಬರೀ ದೂಳು ಮತ್ತು ಬಿಸಿಲು.

ನಾಗೇಂದ್ರ ಹಿಂದಕ್ಕೆ ಹೆಜ್ಜೆ ಇಟ್ಟ. ಬಸವರಾಜಪ್ಪನವರು ಇಡಲಿಲ್ಲ.

"ಗೌರೂ," ಅಂದರು, "ಬಂದ್ಯಾ? ಒಂದೇ ಒಂದು ಕಣೆ. ಸುಮ್ನೆ ನಿಂತ್ಕೊ."

ಬೆರಳು ಒತ್ತಿದರು. ಒತ್ತಿದ ಆ ಗಳಿಗೆಯಲ್ಲೇ ಚೌಕ ಹೋಯಿತು. ನಿಧಾನವಾಗಿ ಸರಿದು ಹೋಗಲಿಲ್ಲ. ಎದುರಿದ್ದವರು ತಟ್ಟನೆ ಮುಖ ಮುಚ್ಚಿಕೊಂಡರೆ ಹೇಗೆ ಹೋಗುವುದೋ ಹಾಗೆ ಹೋಯಿತು.

ಮೊದಲು ಮಾತು ಬಂದದ್ದು ನಾಗೇಂದ್ರನಿಗೆ, ದನಿ ಸೀಳಿತ್ತು. "ಸತ್ ಮ್ಯಾಲೂ ಪೋಸ್ ಕೊಡಾಕಿಲ್ಲ ಅಂತಾಳಲ್ಲಣ್ಣೋ ಅಕ್ಕ!" ಎಂದು ನಕ್ಕ. ಬಸವರಾಜಪ್ಪನವರು ಅವನನ್ನು ನೋಡಿ ತಾವೂ ನಕ್ಕರು. ಅವನು ಬೈಸಿಕೊಂಡಿದ್ದರೆ ಚೆನ್ನಾಗಿತ್ತು. ಆ ನಗು ನೋಡಲಾಗಲಿಲ್ಲ. ಅವನು ಅವಸರದಲ್ಲಿ ಲೆನ್ಸು ಬಿಚ್ಚಿಕೊಂಡ, ಮುಚ್ಚಳವನ್ನೂ ಹಾಕದೆ ಬರೀ ಲೆನ್ಸನ್ನೇ ಚೀಲಕ್ಕೆ ತುರುಕಿ ಗಾಡಿ ಹತ್ತಿದ.

ಆ ಫೋಟೋ ನನ್ನ ಕಂಪ್ಯೂಟರಿನಲ್ಲಿದೆ. ಮುಖವಿಲ್ಲ, ನೆರಳಿಲ್ಲ. ಗೋಡೆ, ತೊಟ್ಟಿ, ಬಾಗಿಲು ಎಲ್ಲ ಮಂಜು. ನಡುವೆ, ಒಬ್ಬರು ಎದುರಿಗೆ ನಿಂತರೆ ಮುಖ ಎಲ್ಲಿರುವುದೋ ಆ ಜಾಗದಲ್ಲಿ ಸಿಪ್ಪೆಯ ದೂಳಿನ ಕಣಗಳು ಸೂಜಿಯಷ್ಟು ಚೂಪಾಗಿ ಬಂದಿವೆ. ಏನೂ ಇಲ್ಲದ ಕಡೆ ಕ್ಯಾಮೆರಾ ಫೋಕಸ್ ಹಿಡಿದಿದೆ.

ಮೇಷ್ಟ್ರು ಇದನ್ನು ಬಿಡಲಿಲ್ಲ. ನಾಗೇಂದ್ರನ ಹತ್ತಿರ ಲೆನ್ಸು ಕೇಳಿ ತಂದು, ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ದೂಳು ಎಬ್ಬಿಸಿ, ಎಬ್ಬಿಸದೆ, ಹಲವು ಸಲ ನೋಡಿದರು. ಯಂತ್ರ ಗೋಡೆಯ ಕಲೆಯನ್ನೂ ಮುಖ ಎಂದುಕೊಳ್ಳುವುದುಂಟು ಎಂದರು. ಉಂಟು, ನಾನೂ ಕಂಡಿದ್ದೇನೆ. ಆದರೆ ಗೋಡೆಯ ಕಲೆ ತೊಟ್ಟಿಯ ತನಕ ನಡೆದು ಬರುವುದಿಲ್ಲ. ಒಂದು ಮುಖವೂ ನೋಂದಣಿಯಾಗಿರದ ಕ್ಯಾಮೆರಾ ನೇರಳೆ ಚೌಕ ತೋರಿಸುವುದೂ ಇಲ್ಲ. ದೆವ್ವವನ್ನು ನಂಬುತ್ತೀಯಾ ಎಂದು ಕೇಳಿದರೆ ಇವತ್ತಿಗೂ ಇಲ್ಲ ಎನ್ನುತ್ತೇನೆ. ಹಾಗಾದರೆ ಅದೇನು ಎಂದು ಕೇಳಿದರೆ ಆ ಫೋಟೋ ತೆರೆದು ತೋರಿಸುತ್ತೇನೆ.

ಬಸವರಾಜಪ್ಪನವರು ಮಧ್ಯಾಹ್ನದ ವ್ಯಾಪಾರ ಬಿಟ್ಟರು. ಕಣದಲ್ಲಿ ಕುರ್ಚಿ ಹಾಕಿಕೊಂಡು ಬ್ಯಾಟರಿ ಮುಗಿಯುವ ತನಕ ಪರದೆ ನೋಡುತ್ತ ಕೂರುತ್ತಿದ್ದರು. ಚೌಕ ಮತ್ತೆ ಮೂಡಲಿಲ್ಲ. ಅವರು ಬತ್ತುತ್ತಿರುವುದನ್ನು ನೋಡಲಾರದೆ ಮೇಷ್ಟ್ರು ಒಂದು ದಿನ, ಅಳಿಸಿದ್ದು ಪೂರ್ತಿ ಅಳಿಸಿಹೋಗಿರುವುದಿಲ್ಲ, ಬೆಂಗಳೂರಿನ ಸರ್ವಿಸ್ ಸೆಂಟರಿನವರು ಒಳಗಿನಿಂದ ಆ ಮುಖ ತೆಗೆದುಕೊಟ್ಟರೂ ಕೊಡಬಹುದು, ಕೇಳಿ ನೋಡೋಣ ಎಂದರು. ಆ ಮಾತಿಗೆ ಬಸವರಾಜಪ್ಪನವರ ಮುಖದಲ್ಲಿ ಕಳೆ ಬಂತು. ಏನಾಗಿದೆ, ಏನು ಬೇಕು ಎಂದು ಮೇಷ್ಟ್ರ ಕೈಯಲ್ಲಿ ಬರೆಸಿ, ಗೌರಮ್ಮನವರ ಹಳೇ ಸೀರೆಯಲ್ಲಿ ಸುತ್ತಿ, ಕ್ಯಾಮೆರಾ ಕಳಿಸಿದರು. ಕೊರಿಯರ್ ತಪ್ಪದೆ ಬರಲೆಂದು ಹಿಂದೂಪುರದ ನನ್ನ ಅಂಗಡಿಯ ವಿಳಾಸ ಕೊಟ್ಟಿದ್ದರು.

ಪಾರ್ಸೆಲ್ ಬಂದ ದಿನ ಫೋನ್ ಮಾಡಿದೆ. "ಈಗ್ಲೇ ಬತ್ತೀನಿ ಕಣಪ್ಪ, ಬಿಚ್ಬೇಡ" ಅಂದರು. ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ಸಿಕ್ಕ ಬಸ್ಸು ಹಿಡಿದು ಬಂದರು. ಸೀರೆ ಹರಡುವ ಗಾದಿಯ ಮೇಲೆ ಕೂತು ತಾವೇ ಡಬ್ಬಿ ಬಿಚ್ಚಿದರು. ಒಳಗೆ ಕ್ಯಾಮೆರಾ ಫಳಫಳ ಹೊಳೆಯುತ್ತಿತ್ತು. ಪರದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡೇ ಇತ್ತು. ಜೊತೆಗೊಂದು ಚೀಟಿ. ನಾನು ಓದಿ ಹೇಳಿದೆ: ತಮ್ಮ ಕ್ಯಾಮೆರಾದಲ್ಲಿ ಫೋಕಸ್ ದೋಷ ಕಂಡುಬಂದಿದ್ದರಿಂದ ವಾರಂಟಿಯ ಪ್ರಕಾರ ಹೊಚ್ಚ ಹೊಸದನ್ನು ಉಚಿತವಾಗಿ ಕಳಿಸಿದ್ದೇವೆ, ಹಳೆಯದನ್ನು ನಿಯಮದಂತೆ ನಾಶಪಡಿಸಲಾಗಿದೆ, ತಮ್ಮ ಸಂತೋಷವೇ ನಮ್ಮ ಸಂತೋಷ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸುತ್ತಿ ಕಳಿಸಿದ್ದ ಸೀರೆ ಡಬ್ಬಿಯಲ್ಲಿ ಇದೆಯೇ ಎಂದು ಕೈಯಾಡಿಸಿದರು. ಇರಲಿಲ್ಲ.

"ಇದು ಯಾರ್ದಪ್ಪಾ?" ಎಂದು ನನ್ನನ್ನು ಕೇಳಿ, ಅದನ್ನು ಗಾದಿಯ ಮೇಲೆಯೇ ಬಿಟ್ಟು, ಎದ್ದು ಚಪ್ಪಲಿ ಮೆಟ್ಟಿಕೊಂಡು, ಕಲ್ಯಾಣದುರ್ಗದ ಬಸ್ಸಿಗೆ ಹೊರಟುಹೋದರು.