ಏಳನೇ ಸುತ್ತಿನ ನಾರ್ಬ್

ಅಮೆರಿಕದ ನಮ್ಮ ಬಫಲೋ ಊರಲ್ಲಿ ಫುಟ್‌ಬಾಲ್ ಹುಚ್ಚಿಲ್ಲದವರು ಯಾರೂ ಇಲ್ಲ, ಆದರೆ ಹಿಮ ಗುಡಿಸುವ ಲಾರಿಯ ಡ್ರೈವರ್ ನಾರ್ಬ್ ಜಬ್ಲೊನ್ಸ್ಕಿಗೆ ಹುಚ್ಚು ಆಟದ್ದಲ್ಲ, ಏಪ್ರಿಲ್ ತಿಂಗಳ ಡ್ರಾಫ್ಟಿನದು. ಕಾಲೇಜು ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಆ ಮೂರು ದಿನ ಡೊಲೋರೆಸಳ ಬಾರಿನಲ್ಲೇ ಅವನ ಠಿಕಾಣಿ. ನಾವು ತಲೆ ಮೇಲೆ ಹೊತ್ತು ಮೆರೆಸುವ ಆಟಗಾರನನ್ನೂ ಅವನು ಕಣ್ಣು ಮಿಟುಕಿಸದೆ ಕೂತಲ್ಲೇ ಬೇರೆ ತಂಡಕ್ಕೆ ಮಾರಿಬಿಡುತ್ತಾನೆ: "ಕೊಟ್ಟು ಬಿಸಾಕ್ರೋ ಅವನ್ನ! ಎರಡನೇ ಸುತ್ತಿನ ಸರದಿ ಒಂದು, ಮುಂದಿನ್ವರ್ಷದ್ದು ಇನ್ನೊಂದು ಕಿತ್ಕೊಳ್ಳಿ!" ಒಪ್ಪಂದ ಮುಗಿದವನು ಬೇರೆ ತಂಡ ಸೇರಿದನೆಂದು ನಾವು ಗೋಳಾಡಿದರೆ ಇವನಿಗೆ ಹಬ್ಬ: "ಹೋಗ್ಲಿ ಬಿಡ್ರಯ್ಯಾ, ಹೋದೋನ ಲೆಕ್ಕಕ್ಕೆ ಲೀಗ್‌ನೋರು ಮುಂದಿನ್ವರ್ಷ ನಮಗೆ ಬದಲಿ ಸರದಿ ಕೊಡ್ತಾರೆ!" ಮೇಜಿನ ಮೇಲಿನ ಕೋಳಿ ಮೂಳೆಗಳೇ ಅವನ ಸರದಿಗಳು, ಒಂದು ಡಲ್ಲಾಸ್ ತಂಡಕ್ಕೆ ಹೋದರೆ ಎರಡು ವಾಪಸ್ಸು ಬರಬೇಕು. "ಲೇ ನಾರ್ಬ್, ಅದು ನನ್ನ ತಟ್ಟೆ ರೆಕ್ಕೆ ಕಣೋ, ಇನ್ನೂ ತಿಂದಿಲ್ಲ!" ಎಂದು ನಾನು ಕೂಗಿದರೆ, "ಅದಕ್ಕೂ ಬದಲಿ ಸಿಗುತ್ತೆ, ಸುಮ್ನಿರು!" ಎನ್ನುತ್ತಾನೆ. ಇಂಥವನು ಮೂರನೇ ದಿನ, ಕೊನೆಯದಾದ ಏಳನೇ ಸುತ್ತಿನ ಬಾಲದಲ್ಲಿ ಆ ಬದಲಿ ಸರದಿಗಳು ಬಂದ ಕೂಡಲೇ ಟೋಪಿ ತೆಗೆದು ಎದ್ದು ನಿಂತು, ಎಲ್ಲರ ಬಾಯಿ ಮುಚ್ಚಿಸಿ, ಯಾರೂ ಕೇಳದ ಆ ಹುಡುಗರ ಹೆಸರುಗಳನ್ನು ಒಂದೊಂದಾಗಿ ಬೀದಿಗೆ ಕೇಳುವಂತೆ ಕೂಗುತ್ತಾನೆ. ಇಪ್ಪತ್ತೆಂಟು ವರ್ಷದ ಹಿಂದೆ ಇವನೂ ಅಂಥದೇ ಸರದಿಯಲ್ಲಿ ಆಯ್ಕೆಯಾಗಿ, ತಿಂಗಳೊಪ್ಪತ್ತಿಗೆ ತಂಡ ಕೈಬಿಟ್ಟು ಮನೆಗೆ ಮರಳಿದವನು. ಅವನ ಹೆಸರು ಕರೆದ ಗಳಿಗೆಯಲ್ಲಿ, ಬೆಳಗಿನಿಂದ ಟೀವಿ ಮುಂದೆ ಕೂತಿದ್ದ ಅವನ ತಾಯಿಗೆ ಕೇಳಿಸಿದ್ದು ಟೈರಿನ ಜಾಹೀರಾತು.